ಪಾಠ, ಅಣಕು ಗಲಾಟೆ, ನಿಜವಾದ ಪೇಜು: ಪಿಆರ್ ಕ್ಲಾಸಿನ ಮೂರು ವರ್ಷ

ಇಂಟರ್ನಲ್ಸಿಗೆ ಒಂದು ಪ್ರಶ್ನೆ ಕೊಟ್ಟಿದ್ದೆ. ನೀವು ಒಂದು ಹೋಟೆಲಿನ ಇನ್‌ಸ್ಟಾಗ್ರಾಂ ಪೇಜ್ ನೋಡಿಕೊಳ್ಳುತ್ತಿದ್ದೀರಿ. ದೋಸೆಯಲ್ಲಿ ಕೂದಲು ಸಿಕ್ಕಿತು ಅಂತ ಗಿರಾಕಿಯೊಬ್ಬರು ಫೋಟೊ ಹಾಕಿ ಬೈದಿದ್ದಾರೆ. ಮೂರು ಸಾಲಿನಲ್ಲಿ ಉತ್ತರ ಬರೆಯಿರಿ. ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವ ಹುಡುಗಿ ಹೀಗೆ ಶುರು ಮಾಡಿದ್ದಳು: ‘ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...’ ಮೂರು ಸಾಲು ಮುಗಿದರೂ ಕೂದಲಿನ ಸುದ್ದಿಯೇ ಬಂದಿರಲಿಲ್ಲ.

ಅವಳದ್ದು ತಪ್ಪಿಲ್ಲ. ನಾನು ಕಲಿಸಿದ್ದೇ ಹಾಗೆ. ಶಿವಮೊಗ್ಗದ ಒಂದು ಡಿಗ್ರಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಹೇಳಿಕೊಡುತ್ತೇನೆ. ಸಾರ್ವಜನಿಕ ಸಂಪರ್ಕದ ಪೇಪರ್ ನನ್ನ ಪಾಲಿಗೆ ಬಂದಿದೆ. ಹುಡುಗರ ಬಾಯಲ್ಲಿ ಅದು ಬರೀ ‘ಪಿಆರ್’. ಅದರಲ್ಲಿ ಸೋಷಿಯಲ್ ಮೀಡಿಯಾಕ್ಕೆ ಅಂತಲೇ ಒಂದು ಯೂನಿಟ್ ಇದೆ. ಅದನ್ನು ಕಲಿಸೋಕೆ ಮೂರು ವರ್ಷ ಮೂರು ದಾರಿ ಹಿಡಿದು ನೋಡಿದೆ. ಮೊದಲ ವರ್ಷ ಬೋರ್ಡು, ಸ್ಲೈಡು. ಎರಡನೇ ವರ್ಷ ವಾಟ್ಸಾಪ್ ಗ್ರೂಪಿನೊಳಗೆ ಸುಳ್ಳುಸುಳ್ಳೇ ಒಂದು ಗಲಾಟೆ ಎಬ್ಬಿಸಿ ಅದನ್ನು ನಿಭಾಯಿಸೋದು. ಮೂರನೇ ವರ್ಷ ನಿಜವಾದ ಒಬ್ಬರಿಗೆ ನಿಜವಾದ ಪೇಜ್ ನಡೆಸಿಕೊಡೋದು. ಯಾವುದು ವಾಸಿ ಅಂತ ಬೇರೆ ಕಾಲೇಜಿನ ಗೆಳತಿಯರು ಕೇಳುತ್ತಲೇ ಇರುತ್ತಾರೆ. ಒಂದು ಮಾತಲ್ಲಿ ಹೇಳೋಕೆ ಆಗಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬೋರ್ಡು, ಸ್ಲೈಡು

ಇದರ ಬಗ್ಗೆ ಬಯ್ಯೋದು ಈಗ ಫ್ಯಾಷನ್. ಆದರೆ ನನಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಮೂರೂ ವರ್ಷಗಳಲ್ಲಿ ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆದದ್ದು ಇದೇ ಬ್ಯಾಚು. 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಹತ್ತಿರ ರೈಲು ಅಪಘಾತ ಆದಾಗ ರೈಲ್ವೆ ಕಂಪನಿಯ ಪಿಆರ್ ನೋಡಿಕೊಳ್ಳುತ್ತಿದ್ದ ಐವಿ ಲೀ ಮಾಡಿದ್ದೇನು ಅಂತ ಕೇಳಿದರೆ ಹಿಂದಿನ ಬೆಂಚಿನವರೂ ಒಂದು ಪುಟ ಬರೆಯುತ್ತಿದ್ದರು. ರೈಲ್ವೆ ಕಂಪನಿ ಸುದ್ದಿ ಮುಚ್ಚಿಡೋ ಬದಲು ತಾನೇ ಪತ್ರಕರ್ತರಿಗೆ ಹೇಳಿಕೆ ಕೊಟ್ಟಿತು. ಮೊದಲ ಪ್ರೆಸ್ ನೋಟ್ ಅಂತ ಹೆಸರಾಗಿರೋದು ಅದೇ. 2009ರಲ್ಲಿ ಡೇವ್ ಕ್ಯಾರೊಲ್ ಅನ್ನೋ ಗಾಯಕ ತನ್ನ ಗಿಟಾರ್ ಮುರಿದ ವಿಮಾನ ಕಂಪನಿಯ ಮೇಲೆ ಹಾಡು ಕಟ್ಟಿ ಯೂಟ್ಯೂಬಿಗೆ ಹಾಕಿದ್ದು, 2015ರಲ್ಲಿ ಮ್ಯಾಗಿ ಅಂಗಡಿಗಳಿಂದ ಮಾಯವಾಗಿ ತಿಂಗಳುಗಟ್ಟಲೆ ಆದಮೇಲೆ ವಾಪಸ್ ಬಂದದ್ದು, ಇವೆಲ್ಲ ಸ್ಲೈಡಿನಲ್ಲಿ ಚೆನ್ನಾಗಿಯೇ ಕೂರುತ್ತವೆ.

ತೊಂದರೆ ಆದದ್ದು 2023ರ ಏಪ್ರಿಲಿನಲ್ಲಿ. ಬೆಂಗಳೂರಿನಲ್ಲಿ ಹಾಲು, ಮೊಸರು ಮಾರುತ್ತೇವೆ ಅಂತ ಅಮುಲ್ ಟ್ವಿಟರಿನಲ್ಲಿ ಹಾಕಿತ್ತು. ನಂದಿನಿ ಉಳಿಸಿ ಅಂತ ರಾಜ್ಯವೇ ಎದ್ದು ನಿಂತಿತ್ತು. ಎದುರಿಗೆ ವಿಧಾನಸಭೆ ಚುನಾವಣೆ ಬೇರೆ. ನಾನು ಬೋರ್ಡಿನ ಮುಂದೆ ನಿಂತು 1906ರ ರೈಲು ಓಡಿಸುತ್ತಿದ್ದೆ. ಡೆಸ್ಕಿನ ಕೆಳಗೆ ಎಲ್ಲರ ಫೋನಿನಲ್ಲೂ ಹಾಲೇ ಹಾಲು. ಯಾರೋ ಒಬ್ಬ ತಲೆ ಎತ್ತಿ, ‘ಮೇಡಂ, ಈಗ ನಂದಿನಿಯವರು ಏನು ಹಾಕಬೇಕು? ಸುಮ್ನೆ ಇದ್ದರೇ ಒಳ್ಳೇದಲ್ವಾ?’ ಅಂತ ಕೇಳಿದ. ಒಳ್ಳೆ ಪ್ರಶ್ನೆ. ಜನರೇ ನಮ್ಮ ಪರವಾಗಿ ಕೂಗುತ್ತಿರುವಾಗ ನಾವೂ ಕೂಗಬೇಕಾ? ನನ್ನ ಸ್ಲೈಡಿನಲ್ಲಿ ಉತ್ತರ ಇರಲಿಲ್ಲ. ‘ಅದು ಮುಂದಿನ ಯೂನಿಟ್’ ಅಂದು ಜಾರಿಕೊಂಡೆ. ಮುಂದಿನ ಯೂನಿಟ್ಟಿನಲ್ಲೂ ಇರಲಿಲ್ಲ ಅನ್ನೋದು ಬೇರೆ ಮಾತು.

ಕಾನೂನಿನ ವಿಷಯಕ್ಕೆ ಮಾತ್ರ ಬೋರ್ಡೇ ಸರಿ. ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಅನ್ನಿಸಿದ್ದನ್ನು ಹಾಕಿದವರಿಗೆ ಶಿಕ್ಷೆ ಹೇಳುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ ಅನ್ನೋದು, ದುಡ್ಡು ತಗೊಂಡು ಅಥವಾ ಪುಕ್ಕಟೆ ಮಾಲು ತಗೊಂಡು ರೀಲ್ಸ್ ಮಾಡುವವರು ಅದು ಜಾಹೀರಾತು ಅಂತ ತೋರಿಸಬೇಕು ಎಂದು ಜಾಹೀರಾತು ಉದ್ಯಮದವರದ್ದೇ ನಿಯಂತ್ರಣ ಸಂಸ್ಥೆಯಾದ ಎಎಸ್‌ಸಿಐ 2021ರಲ್ಲಿ ನಿಯಮ ತಂದಿದೆ ಅನ್ನೋದು, ಇಂಥದ್ದನ್ನೆಲ್ಲ ಆಟ ಆಡಿಸಿ ಕಲಿಸೋಕೆ ಹೋಗಬಾರದು. ಹೇಳಿ, ಬರೆಸಿ, ಮುಗಿಸಬೇಕು.

ಅಣಕು ಗಲಾಟೆ

ಈ ಹೆಸರಿಟ್ಟದ್ದು ಹುಡುಗರೇ. 24 ಜನರನ್ನು ನಾಲ್ಕು ತಂಡ ಮಾಡಿದೆ. ಜೋಗದ ದಾರಿಯಲ್ಲಿ, ಎಲ್ಲೂ ಇಲ್ಲದ ಒಂದು ಹೋಂಸ್ಟೇ. ನಾಲ್ಕೂ ತಂಡ ಅದರ ಪಿಆರ್ ನೋಡಿಕೊಳ್ಳುವವರು. ನನ್ನ ಎರಡು ಸಿಮ್ಮು, ಕನ್ನಡ ವಿಭಾಗದ ಒಬ್ಬ ಮೇಷ್ಟ್ರ ಫೋನು, ಇವಿಷ್ಟೇ ಬಂಡವಾಳ. ಸಮಯ ಒಂದು ಗಂಟೆ.

ಹತ್ತು ಗಂಟೆ ಐದು ನಿಮಿಷಕ್ಕೆ ಬೆಂಗಳೂರಿನ ಪ್ರವಾಸಿಯಾಗಿ ನಾನು ಮೆಸೇಜ್ ಹಾಕಿದೆ: ‘ಹಾಸಿಗೆ ಮೇಲೆ ಉಂಬಳ, ರಕ್ತ ಹೀರೋ ಜಿಗಣೆ. ಮಗಳ ಕಾಲಲ್ಲಿ ರಕ್ತ. ಒಂದು ರಾತ್ರಿಗೆ ಎಂಟು ಸಾವಿರ ಕೊಟ್ಟಿದ್ದೇವೆ. ವಿಡಿಯೊ ಹಾಕ್ತಾ ಇದ್ದೀನಿ.’ ಹತ್ತು ಹನ್ನೆರಡಕ್ಕೆ ಇನ್ನೊಬ್ಬರು: ‘ಹೋದ ವರ್ಷ ನಮಗೂ ಹೀಗೇ ಆಗಿತ್ತು.’ ಹತ್ತೂ ಇಪ್ಪತ್ತಕ್ಕೆ ಮೇಷ್ಟ್ರು ವರದಿಗಾರರಾಗಿ ಬಂದರು: ‘ಅರ್ಧ ಗಂಟೇಲಿ ಸುದ್ದಿ ಹಾಕ್ತೀವಿ. ನಿಮ್ಮದೇನಾದರೂ ಹೇಳಿಕೆ ಇದೆಯಾ?’

ಒಂದು ತಂಡ ಯಾರು ಬರೆಯಬೇಕು ಅಂತ ಜಗಳ ಆಡುತ್ತಾ ಹದಿನೆಂಟು ನಿಮಿಷ ಕಳೆಯಿತು. ಇನ್ನೊಂದು ತಂಡ ಒಂದೇ ನಿಮಿಷಕ್ಕೆ ಉತ್ತರ ಕೊಟ್ಟಿತು: ‘ಮಳೆಗಾಲದ ಮಲೆನಾಡು ಅಂದಮೇಲೆ ಉಂಬಳ ಇರಲೇಬೇಕಲ್ವಾ ಸರ್?’ ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾವೆಲ್ಲ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ತೋಟಕ್ಕೆ ಹೋಗಿ ಬೆಳೆದವರು. ನಮಗೆ ಉಂಬಳ ಒಂದು ಸುದ್ದಿಯೇ ಅಲ್ಲ. ಹುಡುಗ ಹೇಳಿದ್ದು ನೂರಕ್ಕೆ ನೂರು ನಿಜ. ಆ ನಿಜವನ್ನು ಆ ಹೊತ್ತಿಗೆ ಆ ಅಪ್ಪನಿಗೆ ಹೇಳಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ನಾನು ಪ್ರವಾಸಿಯಾಗಿ ಕಿರುಚಾಡಿದೆ. ಅವರೂ ಬಿಡಲಿಲ್ಲ. ಗಂಟೆ ಮುಗಿಯುವ ಹೊತ್ತಿಗೆ ನನಗೇ ನಿಜವಾಗಿ ಸಿಟ್ಟು ಬಂದಿತ್ತು.

ಎರಡು ವಾರ ಬಿಟ್ಟು ಅದೇ ತಂಡಕ್ಕೆ ಅದೇ ಉಂಬಳವನ್ನು ಮತ್ತೆ ಬಿಟ್ಟೆ. ಈ ಸಲ ಆರು ನಿಮಿಷಕ್ಕೆ ಉತ್ತರ ಬಂತು: ‘ಪಾಪು ಈಗ ಹೇಗಿದ್ದಾಳೆ? ನಮ್ಮ ಮ್ಯಾನೇಜರ್ ನಿಮ್ಮ ರೂಮಿಗೆ ಬರ್ತಾ ಇದ್ದಾರೆ. ಬೇರೆ ರೂಮು ತಯಾರಿದೆ.’ ಮೂರು ಸಾಲು. ‘ಮಾನ್ಯರೇ’ ಇಲ್ಲ, ‘ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ’ ಇಲ್ಲ. ಬೋರ್ಡಿನ ಬ್ಯಾಚಿಗೆ ಒಂದು ಸೆಮಿಸ್ಟರಿನಲ್ಲಿ ಬಾರದ್ದು ಇವರಿಗೆ ಎರಡು ಗಂಟೆಯಲ್ಲಿ ಬಂತು. ಜತೆಗೆ ಇನ್ನೊಂದು ಬಂತು. ಬರೆದು, ಪಕ್ಕದವರಿಗೆ ತೋರಿಸಿ, ಆಮೇಲೆ ಕಳಿಸೋದು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಇಷ್ಟು ಹೊಗಳಿದ ಮೇಲೆ ಎಡವಟ್ಟನ್ನೂ ಹೇಳಬೇಕು. ಮೂರನೇ ಅಣಕಿಗೆ ನಾನು ಮಂಗನ ಕಾಯಿಲೆ ಆರಿಸಿಕೊಂಡೆ. ನಮ್ಮ ಜಿಲ್ಲೆಗೆ ಅದು ಹೊಸದಲ್ಲ. 1957ರಲ್ಲಿ ಮೊದಲು ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಬರುವ ಜ್ವರ. ಚಳಿಗಾಲ ಕಳೆದು ಬೇಸಿಗೆ ಬಂತೆಂದರೆ ಕಾಡಿನಂಚಿನ ಊರುಗಳಲ್ಲಿ ಅದೇ ಭಯ. ಆರೋಗ್ಯ ಇಲಾಖೆಯ ಪಿಆರ್‌ನವರಾಗಿ ಜನರಿಗೆ ಹೇಗೆ ತಿಳಿಸುತ್ತೀರಿ ಅನ್ನೋದು ಅಭ್ಯಾಸ. ನಿಜ ಅನ್ನಿಸಲಿ ಅಂತ ನಿಜವಾದ ಒಂದು ಊರಿನ ಹೆಸರು ಹಾಕಿ ‘ಇಬ್ಬರಿಗೆ ಜ್ವರ, ಒಬ್ಬರು ಗಂಭೀರ’ ಅಂತ ಮೆಸೇಜ್ ಬಿಟ್ಟೆ.

ಒಬ್ಬ ಹುಡುಗಿ ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋಗಿದ್ದಾಳೆ. ಅವಳ ಅಮ್ಮ ಮೆಸೇಜ್ ಓದಿದ್ದಾರೆ. ಆ ಊರಲ್ಲಿ ಅವರ ತಂಗಿ ಇದ್ದಾರೆ. ನೆಂಟರ ಗ್ರೂಪಿಗೆ ಕಳಿಸಿದ್ದಾರೆ. ವಾಟ್ಸಾಪಿನಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದು ಅಂತ 2018ರಿಂದಲೂ ಮಿತಿ ಇದೆ. ನಾನೇ ಕ್ಲಾಸಿನಲ್ಲಿ ಅದನ್ನು ದೊಡ್ಡ ರಕ್ಷಣೆ ಅನ್ನೋ ಹಾಗೆ ಹೇಳಿದ್ದೆ. ಒಂದು ಸಣ್ಣ ಊರಿಗೆ ಐದು ಗ್ರೂಪ್ ಸಾಕು, ಜಾಸ್ತಿಯೇ ಆಯ್ತು. ಸಂಜೆ ಆರಕ್ಕೆ ತೀರ್ಥಹಳ್ಳಿ ಕಡೆಯಿಂದ ನನಗೇ ಫೋನ್ ಬಂತು, ‘ಹೌದಾ ಮೇಡಂ?’ ಅಂತ. ರಾತ್ರಿ ಒಂಬತ್ತರವರೆಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಕ್ಷಮೆ ಕೇಳಿದೆ. ಸಾರ್ವಜನಿಕ ಸಂಪರ್ಕದ ಮೇಡಂ ಮಾಡಿದ ಸಾರ್ವಜನಿಕ ಸಂಪರ್ಕ ಅದು.

ಆವತ್ತಿನಿಂದ ಮೂರು ಕಟ್ಟುಪಾಡು. ಪ್ರತಿ ಮೆಸೇಜಿನ ಮೊದಲ ಸಾಲಲ್ಲೂ ‘ಅಭ್ಯಾಸ, ನಿಜವಲ್ಲ’ ಅಂತ ಇರಬೇಕು. ಊರಿನ ಹೆಸರು ಬೇಡ. ಕಾಯಿಲೆ, ಸಾವು, ಜಾತಿ, ಧರ್ಮ ಯಾವುದೂ ಬೇಡ. ಇದರಿಂದ ಅಭ್ಯಾಸದ ಖಾರ ಕಮ್ಮಿಯಾಯಿತು ಅನ್ನೋದು ನಿಜ. ಆಗಲಿ.

ನಿಜವಾದ ಪೇಜು

ಸಾಗರದಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿ. ಅಲ್ಲಿ ನಾಲ್ಕು ಜನ ಹೆಂಗಸರು ಸೇರಿ ಅಪ್ಪೆಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡುತ್ತಾರೆ. ಅವರಲ್ಲಿ ದೊಡ್ಡವರು ನನಗೆ ದೂರದ ನೆಂಟಸ್ತಿಕೆಯಲ್ಲಿ ಅತ್ತೆ. ‘ನಮ್ಮ ಹುಡುಗರು ನಿಮಗೆ ಇನ್‌ಸ್ಟಾಗ್ರಾಂ ಪೇಜ್ ಮಾಡಿಕೊಡ್ತಾರೆ’ ಅಂದೆ. ‘ಮಾಡ್ಲಿ ಮಾರಾಯ್ತಿ, ಖರ್ಚಿಲ್ಲ ಅಂದ್ರೆ’ ಅಂದರು.

ಮೊದಲ ದಿನ ಖಾಸಗಿ ಬಸ್ಸಿನಲ್ಲಿ ಹೋದೆವು. ಮಿಡಿ ಕೊಯ್ಯೋದನ್ನು ಹುಡುಗರಲ್ಲಿ ಅರ್ಧ ಜನ ನೋಡೇ ಇರಲಿಲ್ಲ. ಕೆಳಗೆ ಬಿದ್ದ ಮಿಡಿ ಉಪ್ಪಿಗೆ ಬರಲ್ಲ, ತೊಟ್ಟಿನ ಸಮೇತ ಇಳಿಸಬೇಕು. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ, ಆ ಸೊನೆಯ ವಾಸನೆಯಲ್ಲೇ ಮರದ ಗುಣ ಗೊತ್ತಾಗುತ್ತದೆ ಅಂತ ಅತ್ತೆ ಒಂದು ಮಿಡಿ ಮುರಿದು ಎಲ್ಲರ ಮೂಗಿಗೂ ಹಿಡಿದರು. ಫೋನ್ ಎತ್ತಿದ ಹುಡುಗನಿಗೆ, ‘ನನ್ನ ಮುಖ ಬ್ಯಾಡ, ಕೈ ತಗಿ’ ಅಂದರು. ಅರಿಶಿನ ಹಿಡಿದ ಉಗುರು, ತೊಟ್ಟು ಮುರಿಯೋ ಸದ್ದು, ಉಪ್ಪು ಬೀಳೋ ಸದ್ದು, ಇಷ್ಟೇ ಇಪ್ಪತ್ತು ಸೆಕೆಂಡು. ಹಾಡಿಲ್ಲ, ಮಾತಿಲ್ಲ. ಆ ವರ್ಷ ಹಾಕಿದ ರೀಲ್ಸ್‌ಗಳಲ್ಲಿ ಜನ ಜಾಸ್ತಿ ನೋಡಿದ್ದು ಅದನ್ನೇ. ಕಷ್ಟಪಟ್ಟು ಡ್ರೋನ್ ತರಿಸಿ ತೆಗೆದದ್ದನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ.

ಅಪ್‌ಲೋಡ್ ಮಾಡೋಕೆ ಮಾತ್ರ ಸಾಗರದ ಬಸ್ ಸ್ಟ್ಯಾಂಡಿಗೇ ಬರಬೇಕಿತ್ತು. ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗೋದು ಕೊಟ್ಟಿಗೆ ಹಿಂದಿನ ದಿಣ್ಣೆ ಮೇಲೆ, ಅದೂ ಒಂದೇ ಕಡ್ಡಿ. ‘ನೆಟ್‌ವರ್ಕ್ ಕೊಡದಿದ್ದರೆ ಓಟಿಲ್ಲ’ ಅಂತ ಮಲೆನಾಡಿನ ಊರುಗಳವರು ಸೋಷಿಯಲ್ ಮೀಡಿಯಾದಲ್ಲೇ ಅಭಿಯಾನ ಮಾಡಿದ್ದರಲ್ಲ, ದಿಣ್ಣೆ ಹತ್ತಿಯೇ ಮಾಡಿರಬೇಕು.

ಇನ್ನು ಗಿರಾಕಿಗಳ ವಿಷಯ. ಇನ್‌ಸ್ಟಾಗ್ರಾಂನಲ್ಲಿ ಲೈಕು, ಹಾರ್ಟು. ಆರ್ಡರ್ ಬಂದದ್ದು ವಾಟ್ಸಾಪ್ ಸ್ಟೇಟಸ್ಸಿನಿಂದ, ಸ್ವಲ್ಪ ಫೇಸ್‌ಬುಕ್ಕಿನಿಂದ. ಉಪ್ಪಿನಕಾಯಿ ಕೊಳ್ಳುವವರು ನಲವತ್ತು ದಾಟಿದವರು, ಬೆಂಗಳೂರಿಗೆ ಹೋಗಿ ನೆಲೆಸಿದ ನಮ್ಮ ಕಡೆಯವರು. ಹುಡುಗರು ಬದುಕೋದೇ ಇನ್‌ಸ್ಟಾದಲ್ಲಿ, ಅವರಿಗೆ ಇದನ್ನು ಒಪ್ಪಿಕೊಳ್ಳೋಕೆ ಕಷ್ಟವಾಯಿತು. ಎಕ್ಸ್‌ನಲ್ಲಿ ಪೊಲೀಸರು, ಅಧಿಕಾರಿಗಳು, ವರದಿಗಾರರು ಸಿಗುತ್ತಾರೆ, ಉಪ್ಪಿನಕಾಯಿ ಕೇಳುವವರು ಸಿಗಲ್ಲ. ಎರಡು ವಾರಕ್ಕೇ ಬಿಟ್ಟೆವು. ಭಾಷೆಯದ್ದೂ ಹೀಗೇ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದ ಪೋಸ್ಟಿಗಿಂತ ಕನ್ನಡ ಅಕ್ಷರದಲ್ಲಿ, ಅತ್ತೆ ಮಾತಾಡೋ ಹಾಗೇ ಬರೆದದ್ದಕ್ಕೆ ಫೋನ್ ಜಾಸ್ತಿ ಬಂತು.

ಎಲ್ಲ ಚೆನ್ನಾಗಿಯೇ ನಡೀತಿತ್ತು, ಒಂದು ಕಮೆಂಟ್ ಬರೋವರೆಗೆ. ‘ಎಫ್‌ಎಸ್‌ಎಸ್‌ಎಐ ನಂಬರ್ ಎಲ್ಲಿ?’ ಇಷ್ಟೇ ಕೇಳಿದ್ದರು. ಆಹಾರ ಮಾರುವವರು ಎಫ್‌ಎಸ್‌ಎಸ್‌ಎಐ ಅನ್ನೋ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿಕೊಂಡು ಹದಿನಾಲ್ಕು ಅಂಕಿಯ ಆ ನಂಬರನ್ನು ಲೇಬಲ್ ಮೇಲೆ ಹಾಕಬೇಕು. ನ್ಯಾಯವಾದ ಪ್ರಶ್ನೆ. ಆವತ್ತು ಪೇಜ್ ನೋಡಿಕೊಳ್ಳುತ್ತಿದ್ದ ಹುಡುಗ, ‘ಅಜ್ಜಿ ಕೈ ಉಪ್ಪಿನಕಾಯಿಗೆ ನಂಬರ್ ಯಾಕೆ ಬ್ರೋ’ ಅಂತ ನಗುವ ಮುಖದ ಚಿತ್ರ ಹಾಕಿ ಉತ್ತರ ಕೊಟ್ಟ. ಹತ್ತು ನಿಮಿಷಕ್ಕೆ ನಾಲ್ಕು ಜನ ತರಾಟೆಗೆ ತಗೊಂಡರು. ಹೆದರಿ ಕಮೆಂಟುಗಳ ಇಡೀ ಸಾಲನ್ನೇ ಅಳಿಸಿಬಿಟ್ಟ. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಆಗಿತ್ತು. ‘ಲೈಸೆನ್ಸ್ ಇಲ್ಲದ ಉಪ್ಪಿನಕಾಯಿ, ಕೇಳಿದರೆ ಡಿಲೀಟ್’ ಅಂತ ಎರಡು ಗ್ರೂಪಿಗೆ ಹೋಯಿತು.

ಪೇಜಿನಲ್ಲಿದ್ದ ಫೋನ್ ನಂಬರ್ ಅತ್ತೆಯದು. ಎರಡು ದಿನ ಅವರಿಗೆ ಫೋನ್ ಮೇಲೆ ಫೋನ್. ಮೂರನೇ ದಿನ ನಾನು ಹೋದೆ. ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಸರಿಸಿದರು. ಹಿಂದೆ ಕಟ್ಟು ಹಾಕಿಸಿದ ನೋಂದಣಿ ಪತ್ರ. ಹದಿನಾಲ್ಕು ಅಂಕಿ ಸ್ಪಷ್ಟವಾಗಿದೆ. ಜಾಡಿಯ ಹಿಂಬದಿ ಲೇಬಲ್ಲಿನಲ್ಲೂ ಸಣ್ಣಕ್ಷರದಲ್ಲಿ ಇದೆ. ನಾಲ್ಕು ತಿಂಗಳು ಪೇಜ್ ನಡೆಸಿದ ನಮ್ಮಲ್ಲಿ ಒಬ್ಬರೂ ಜಾಡಿ ತಿರುಗಿಸಿ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಅತ್ತೆ ಬಯ್ಯಲಿಲ್ಲ. ಕಷಾಯ ಕೊಟ್ಟು, ‘ನಿಮ್ಮ ಹುಡುಗ್ರು ಪರೀಕ್ಷೆ ಬರ್ದು ಹೋಗ್ತಾರೆ. ಫೋನ್ ಎತ್ತೋಳು ನಾನು’ ಅಂದರು.

ಪತ್ರದ ಫೋಟೊ ಹಾಕಿದೆವು. ಹುಡುಗ ತನ್ನದೇ ಮಾತಲ್ಲಿ ತಪ್ಪು ಒಪ್ಪಿಕೊಂಡು ಬರೆದ, ಕೇಳಿದವರಿಗೆ ನೇರವಾಗಿ ಕ್ಷಮೆ ಕೇಳಿದ. ಗಲಾಟೆ ತಣ್ಣಗಾಯಿತು. ಆ ಹುಡುಗ ಈಗ ಬೆಂಗಳೂರಲ್ಲಿ ಇದೇ ಕೆಲಸದಲ್ಲಿದ್ದಾನೆ. ಯಾವ ಸ್ಲೈಡಿನಿಂದಲೂ ಅವನಿಗೆ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ, ಅದು ನಿಜ. ಆದರೆ ಅವನ ಕಲಿಕೆಯ ಫೀಸು ಕಟ್ಟಿದ್ದು ಅತ್ತೆ.

ಸಣ್ಣ ಕಾಟಗಳೂ ಇದ್ದವು. ಪರೀಕ್ಷೆ ಬಂತು, ಪೇಜ್ ಮಲಗಿತು. ಮೆಸೇಜಿನಲ್ಲಿ ಬಂದ ಆರ್ಡರುಗಳನ್ನು ಹನ್ನೊಂದು ದಿನ ಯಾರೂ ತೆರೆದಿರಲಿಲ್ಲ. ಸೆಮಿಸ್ಟರ್ ಮುಗಿದ ಮೇಲೆ ಅತ್ತೆಯ ಮಗಳು ಲಾಗಿನ್ ಆಗೋಕೆ ನೋಡಿದರೆ ಒಟಿಪಿ ಹೋಗೋದು ಊರು ಬಿಟ್ಟ ಹುಡುಗಿಯ ನಂಬರಿಗೆ. ಅಂಕ ಕೊಡೋದರಲ್ಲಿ ನಾನೂ ಎಡವಿದ್ದೆ. ಮೊದಲು ಫಾಲೋವರ್ಸ್ ಲೆಕ್ಕಕ್ಕೆ ಅಂಕ ಇಟ್ಟಿದ್ದೆ. ಒಂದು ತಂಡ ಹಾಸ್ಟೆಲಿನವರನ್ನೆಲ್ಲ ಹಿಡಿದು ಫಾಲೋ ಮಾಡಿಸಿತು. ಇನ್ನೊಂದು ತಂಡ ಅತ್ತೆ ಮನೆ ಬೆಕ್ಕಿನ ವಿಡಿಯೊ ಹಾಕಿ ಗೆದ್ದಿತು. ಆಮೇಲೆ ಒಂದು ನೋಟ್‌ಬುಕ್ ಇಡಿಸಿದೆ. ಯಾವ ಕಮೆಂಟಿಗೆ ಯಾರು ಬರೆದರು, ಯಾರು ನೋಡಿ ಸರಿ ಅಂದರು, ಎಷ್ಟು ಹೊತ್ತಿಗೆ. ಅಂಕ ಅದಕ್ಕೆ.

ಈಗ ಮೂರನ್ನೂ ಎದುರಿಗಿಟ್ಟು ನೋಡಿದರೆ ನನ್ನ ಓಟು ಅಣಕು ಗಲಾಟೆಗೆ. ಖರ್ಚು ಇಲ್ಲ, ತಪ್ಪಿದರೆ ಮತ್ತೆ ಮಾಡಬಹುದು, ಹೊರಗಿನವರ ಹೊಟ್ಟೆಪಾಡಿಗೆ ಪೆಟ್ಟಿಲ್ಲ. ಆದರೆ ಅದನ್ನು ನಡೆಸೋಕೆ ಕಲಿಸುವವರಿಗೆ ಒಳ್ಳೆ ಶಕ್ತಿ ಬೇಕು. ಒಂದು ಗಂಟೆಯ ಅಣಕಿಗೆ ನನಗೆ ಹಿಂದಿನ ದಿನ ಮೂರು ಗಂಟೆ ತಯಾರಿ. ನಲವತ್ತು, ಐವತ್ತು ಹುಡುಗರಿರುವ ಕ್ಲಾಸಿಗೆ ಒಬ್ಬರೇ ಇದ್ದರೆ ಆಗೋ ಮಾತಲ್ಲ. ಅಂಥ ಕಡೆ ಬೋರ್ಡಿನಲ್ಲೇ ಸುರು ಮಾಡಿ, ಯಾರೂ ಬೇಸರ ಮಾಡಿಕೊಳ್ಳಲ್ಲ. ನಿಜವಾದ ಪೇಜನ್ನು ಮೊದಲ ವರ್ಷಕ್ಕೇ ಕೈಗೆ ಕೊಡಬೇಡಿ ಅಂತ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಈಜು ಬಾರದವರನ್ನು ಮಳೆಗಾಲದ ತುಂಗೆಗೆ ಯಾರಾದರೂ ಇಳಿಸುತ್ತಾರಾ?

ಹಾಗಂತ ಪೇಜ್ ಬಿಟ್ಟಿಲ್ಲ. ಈ ವರ್ಷ ಮೂರು ವಾರ ಬೋರ್ಡು, ಆಮೇಲೆ ನಾಲ್ಕು ಅಣಕು. ಒಂದು ಅಣಕಿಗೆ ಮೈಸೂರು ಸ್ಯಾಂಡಲ್ ಸೋಪಿನ ವಿಷಯ ತಗೊಂಡೆವು. 2025ರ ಮೇ ತಿಂಗಳಲ್ಲಿ ತಮನ್ನಾ ಅವರನ್ನು 6.2 ಕೋಟಿಗೆ ರಾಯಭಾರಿ ಮಾಡಿದ್ದಕ್ಕೆ, ಕನ್ನಡದವರು ಯಾರೂ ಸಿಗಲಿಲ್ಲವಾ ಅಂತ ಗದ್ದಲ ಎದ್ದಿತ್ತಲ್ಲ, ಅದು. ರಾಜ್ಯದ ಹೊರಗಿನ ಮಾರುಕಟ್ಟೆಗಾಗಿ ಅಂತ ಸಚಿವರು ಎಕ್ಸ್‌ನಲ್ಲಿ ವಿವರಣೆ ಕೊಟ್ಟಿದ್ದರು. ಅದನ್ನು ಇನ್ನೂ ಚೆನ್ನಾಗಿ ಹೇಗೆ ಹೇಳಬಹುದಿತ್ತು ಅನ್ನೋದು ಅಭ್ಯಾಸ. ಶಿವಮೊಗ್ಗದಲ್ಲೇ 1944ರಿಂದ ಸರ್ಕಾರದ ಗಂಧದೆಣ್ಣೆ ಕಾರ್ಖಾನೆ ಇತ್ತು ಅಂದಾಗ ಹುಡುಗರು ಬಾಯಿ ಬಿಟ್ಟರು. ಒಂದು ತಂಡ ತನ್ನ ಉತ್ತರದಲ್ಲಿ ಅದನ್ನೇ ಸೇರಿಸಿತು.

ಅಣಕು ಮುಗಿಸಿದವರಲ್ಲಿ ಐದು ಜನರಿಗೆ ಮಾತ್ರ ಅತ್ತೆಯ ಪೇಜು. ಅತ್ತೆಯ ಷರತ್ತುಗಳೂ ಇವೆ. ಪೇಜಿನ ನಂಬರ್ ಮಗಳದ್ದೇ ಇರಬೇಕು. ಅವಳು ನೋಡದೆ ಒಂದಕ್ಷರ ಹೋಗಬಾರದು. ಹೋದ ವಾರ ಇನ್ನೊಂದು ಸೇರಿಸಿದರು: ‘ಈ ಸಲ ಮರ ಕಾಯಿ ಬಿಟ್ಟಿಲ್ಲ. ನಲವತ್ತೇ ಜಾಡಿ. ಆರ್ಡರ್ ಜಾಸ್ತಿ ತರ್ಬ್ಯಾಡಿ.’

ಹೀಗಾಗಿ ಈಗ ಐದೂ ಜನ ‘ಇಲ್ಲ’ ಅನ್ನೋದನ್ನು ಬರೆಯುತ್ತಾ ಕೂತಿದ್ದಾರೆ. ಮೊದಲ ಕರಡು ಹೀಗಿತ್ತು: ‘ಈ ವರ್ಷ ಮರ ಕೊಟ್ಟಿದ್ದೇ ಇಷ್ಟು. ನಲವತ್ತು ಜಾಡಿ ಮುಗಿದ ಮೇಲೆ ಮುಂದಿನ ಮಿಡಿಗೆ ಕಾಯಬೇಕು. ನಿಮ್ಮ ಪ್ರೀತಿಗೆ ನಾವು ಸದಾ ಚಿರಋಣಿ.’ ಅತ್ತೆಯ ಮಗಳು ಕೊನೆಯ ಸಾಲು ಹೊಡೆದುಹಾಕಿ ವಾಪಸ್ ಕಳಿಸಿದ್ದಾಳೆ.